ತೆರೆಯ ಮೇಲೆ ಜೆಮ್ ಕರಾಜ: ಎಂಟು ವರ್ಷದ ವನವಾಸ, ಒಂದು ಸಹಿಯ ಲೆಕ್ಕ

2023ರ ಸೆಪ್ಟೆಂಬರ್ ಕೊನೆಯಲ್ಲಿ ಟರ್ಕಿಯ ಅಂತಲ್ಯ ಚಲನಚಿತ್ರೋತ್ಸವ ಶುರುವಾಗುವ ಮೊದಲೇ ರದ್ದಾಯಿತು. ಅದು ಉತ್ಸವದ 60ನೇ ವರ್ಷ. ಜಗಳ ಹುಟ್ಟಿದ್ದು ‘ಕನೂನ್ ಹ್ಯುಕ್ಮ್ಯು’ ಎಂಬ ಒಂದು ಸಾಕ್ಷ್ಯಚಿತ್ರದಿಂದ. 2016ರ ದಂಗೆ ಯತ್ನದ ನಂತರ ಸುಗ್ರೀವಾಜ್ಞೆಯ ಬಲದಿಂದ ಕೆಲಸ ಕಳೆದುಕೊಂಡ ಸರ್ಕಾರಿ ನೌಕರರ ಕತೆ ಅದು. ಮೊದಲು ಚಿತ್ರವನ್ನು ಪಟ್ಟಿಯಿಂದ ತೆಗೆದರು. ತೀರ್ಪುಗಾರರು ಎದ್ದು ಹೋದ ಮೇಲೆ ಮತ್ತೆ ಸೇರಿಸಿದರು. ಆಗ ಸಂಸ್ಕೃತಿ ಸಚಿವಾಲಯ ಬೆಂಬಲ ಹಿಂತೆಗೆದುಕೊಂಡಿತು, ಉತ್ಸವವೇ ನಿಂತುಹೋಯಿತು. ಇದಾಗಿ ನಾಲ್ಕೇ ತಿಂಗಳಿಗೆ, 2024ರ ಜನವರಿ 26ರಂದು, ಅದೇ ದೇಶದ ಚಿತ್ರಮಂದಿರಗಳಲ್ಲಿ ‘ಜೆಮ್ ಕರಾಜನಿನ್ ಗ್ಯೋಜ್‌ಯಾಶ್ಲರಿ’ ತೆರೆಕಂಡಿತು. ಎಂದರೆ ‘ಜೆಮ್ ಕರಾಜನ ಕಣ್ಣೀರು’. ಪ್ರಭುತ್ವ ಪೌರತ್ವ ಕಿತ್ತುಕೊಂಡು ದೇಶದಿಂದ ಹೊರಗಿಟ್ಟಿದ್ದ ಎಡಪಂಥೀಯ ರಾಕ್ ಹಾಡುಗಾರನ ಜೀವನಚಿತ್ರ. ಅದರ ಬಿಡುಗಡೆಗೆ ಅಂಥ ಗದ್ದಲವೇನೂ ಆಗಲಿಲ್ಲ.

ಸರ್ಕಾರ ಒಬ್ಬನ ಬದುಕನ್ನು ಆಜ್ಞೆಯಿಂದ ಕಿತ್ತುಹಾಕಿದ ಕತೆಯೇ ಎರಡರಲ್ಲೂ ಇದೆ. ಹಾಗಿದ್ದೂ ಒಂದಕ್ಕೆ ಬಾಗಿಲು ತೆರೆಯಿತು, ಇನ್ನೊಂದಕ್ಕೆ ಮುಚ್ಚಿತು. ಹಳೆಯ ಅನ್ಯಾಯವಾದರೆ ತೋರಿಸಬಹುದು, ಹೊಸದನ್ನು ತೋರಿಸಬಾರದು ಎಂಬ ಉತ್ತರ ಸುಲಭ. ಅದರಲ್ಲಿ ಸತ್ಯವೂ ಇದೆ, ಆದರೆ ಅಷ್ಟರಿಂದ ಲೆಕ್ಕ ಮುಗಿಯುವುದಿಲ್ಲ. ದೇಶಭ್ರಷ್ಟತೆಯನ್ನು ಸಿನಿಮಾ ಯಾವ ಭಾಷೆಯಲ್ಲಿ ಹೇಳುತ್ತದೆ ಎಂಬುದೂ ಇಲ್ಲಿ ಮುಖ್ಯ. ಅದನ್ನು ಹಂಬಲವಾಗಿ ಹೇಳಿದರೆ ಎಲ್ಲರೂ ಒಟ್ಟಿಗೆ ಕೂತು ಅಳಬಹುದು. ಕಾನೂನಾಗಿ ಹೇಳಿದರೆ ಯಾರ ಸಹಿ, ಯಾವ ಕಲಮು, ಆ ಕಲಮು ಈಗ ಎಲ್ಲಿದೆ ಎಂಬ ಪ್ರಶ್ನೆಗಳು ಬರುತ್ತವೆ.

ಚಿತ್ರದ ಹೆಸರನ್ನೇ ನೋಡಿ. ಕರಾಜನ ಹಾಡುಗಳಲ್ಲಿ ಮೇ ದಿನದ ಹಾಡಿದೆ, ಗ್ಯಾರೇಜಿನ ಹುಡುಗನ ಹಾಡಿದೆ, ಬಡತನ ಹಣೆಬರಹವಾಗಲಾರದು ಎನ್ನುವ ಆಲ್ಬಮ್ಮೇ ಇದೆ. ನಿರ್ಮಾಪಕರು ಆರಿಸಿಕೊಂಡದ್ದು 1968ರ ಪ್ರೇಮಗೀತೆ ‘ರೆಸಿಮ್ದೆಕಿ ಗ್ಯೋಜ್‌ಯಾಶ್ಲರಿ’ಯ ನೆರಳನ್ನು. ಆ ಹಾಡು ಗೊತ್ತಿಲ್ಲದ ಟರ್ಕಿಯವರು ಕಡಿಮೆ, ಆದ್ದರಿಂದ ವ್ಯಾಪಾರದ ದೃಷ್ಟಿಯಿಂದ ಆಯ್ಕೆ ಸರಿಯೇ. ಆದರೆ ಬಾಗಿಲಲ್ಲೇ ಕರವಸ್ತ್ರ ಹಂಚಿದ ಹಾಗಾಯಿತು.

ಕರಾಜ ಹುಟ್ಟಿದ್ದು 1945ರ ಏಪ್ರಿಲ್ 5ರಂದು, ಇಸ್ತಾಂಬುಲ್‌ನಲ್ಲಿ. ತಂದೆ ಮೆಹ್ಮೆತ್ ಕರಾಜ, ಅಜರ್ಬೈಜಾನಿ ಮೂಲದ ರಂಗನಟ. ತಾಯಿ ಟೋಟೋ ಕರಾಜ, ಅರ್ಮೇನಿಯನ್ ಕುಟುಂಬದ ಹೆಸರಾಂತ ನಟಿ. ಅವರ ಹುಟ್ಟುಹೆಸರು ಇರ್ಮಾ ಫೆಲೆಕ್ಯಾನ್. ಕರಾಜ ಓದಿದ್ದು ಅಮೆರಿಕನ್ನರು ಸ್ಥಾಪಿಸಿದ ರಾಬರ್ಟ್ ಕಾಲೇಜಿನಲ್ಲಿ. ಮನೆ ತುಂಬ ರಂಗಭೂಮಿ, ಶಾಲೆ ತುಂಬ ಇಂಗ್ಲಿಷ್, ಬೀದಿಯಲ್ಲಿ ಎಲ್ವಿಸ್. ಅಪ್ಪನಿಗೆ ಮಗನ ರಾಕ್ ಹುಚ್ಚು ಹಿಡಿಸಿರಲಿಲ್ಲ. ಇಂಗ್ಲಿಷ್ ಹಾಡುಗಳನ್ನು ಹಾಡಿಕೊಂಡಿದ್ದ ಈ ಹುಡುಗ ಜಾನಪದದತ್ತ ತಿರುಗಿದ್ದಕ್ಕೆ ಒಂದು ಸ್ಪರ್ಧೆಯ ನಿಯಮವೂ ಕಾರಣ. ‘ಹುರಿಯೆತ್’ ಪತ್ರಿಕೆ 1965ರಿಂದ 1968ರವರೆಗೆ ನಡೆಸಿದ ‘ಅಲ್ತಿನ್ ಮಿಕ್ರೊಫೋನ್’ ಸ್ಪರ್ಧೆಯಲ್ಲಿ ಪಾಶ್ಚಾತ್ಯ ವಾದ್ಯ ಬಳಸಬೇಕು, ಹಾಡು ಮಾತ್ರ ತುರ್ಕಿ ಮಣ್ಣಿನದಾಗಿರಬೇಕು. 1967ರಲ್ಲಿ ಕರಾಜ ‘ಅಪಾಶ್ಲರ್’ ತಂಡದೊಂದಿಗೆ ಜನಪದ ಕವಿ ಎಮ್ರಾಹ್‌ನ ಪದ್ಯ ಹಾಡಿ ಎರಡನೇ ಸ್ಥಾನ ಪಡೆದ. ಅನಾತೋಲಿಯನ್ (ಟರ್ಕಿಯ ಏಷ್ಯಾ ಭಾಗದ) ರಾಕ್ ಎಂದು ಹೆಸರಾದ ಪ್ರಕಾರ ಗಟ್ಟಿಯಾದದ್ದು ಇಂಥ ಕಡೆಗಳಲ್ಲಿ.

ಪ್ರತಿಭಟನೆ ಅವನ ಹಾಡಿಗೆ ಹೊರಗಿನಿಂದ ಅಂಟಿಸಿದ ಘೋಷಣೆಯಾಗಿ ಬರಲಿಲ್ಲ. ಜನಪದ ಕಾವ್ಯದಲ್ಲೇ ಅದು ಕೂತಿತ್ತು. 1970ರ ಸುಮಾರಿಗೆ ‘ಕರ್ದಾಶ್ಲರ್’ ತಂಡದೊಂದಿಗೆ ಹಾಡಿದ ದಾದಾಲೋಲು ಎಂಬ 19ನೇ ಶತಮಾನದ ಕವಿಯ ಪದ್ಯ, ಅಲೆಮಾರಿ ಬುಡಕಟ್ಟುಗಳನ್ನು ಒಟ್ಟೋಮನ್ ಸರ್ಕಾರ ಬಲವಂತವಾಗಿ ನೆಲೆಗೊಳಿಸಲು ಹೊರಟಾಗ ಹುಟ್ಟಿದ್ದು. ಸುಲ್ತಾನನ ಆಜ್ಞೆಗೆ ಬೆಟ್ಟದ ಜನ ಎದೆಕೊಟ್ಟು ನಿಂತ ಹಾಡು. ಅದಕ್ಕೆ ಎಲೆಕ್ಟ್ರಿಕ್ ಗಿಟಾರ್ ಸೇರಿದಾಗ ಕೇಳುಗರಿಗೆ ಸುಲ್ತಾನ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ‘ಮೊಗೊಲ್ಲರ್’ ತಂಡದೊಂದಿಗೆ 1974ರಲ್ಲಿ ‘ನಾಮುಸ್ ಬೆಲಾಸಿ’, ‘ದೆರ್ವಿಶಾನ್’ ಜೊತೆ 1975ರಲ್ಲಿ ‘ತಾಮಿರ್ಜಿ ಚಿರಾಯಿ’. ಈ ಎರಡನೆಯದರಲ್ಲಿ ಗ್ಯಾರೇಜಿನ ಹುಡುಗ ಕಾರು ರಿಪೇರಿಗೆ ಬಂದ ಸಿರಿವಂತ ಹುಡುಗಿಗೆ ಮನಸೋಲುತ್ತಾನೆ. ಕಾದಂಬರಿಯಲ್ಲಿ ಓದಿದಂತೆ ನಡೆಯಬಹುದೆಂದು ಆಸೆಪಡುತ್ತಾನೆ. ಅವಳು ಅವನತ್ತ ತಿರಸ್ಕಾರದಿಂದ ನೋಡಿ ಹೋಗುತ್ತಾಳೆ. ಕೆಲಸದ ಬಟ್ಟೆ ತೊಟ್ಟು ಕೆಲಸಗಾರನಾಗಿಯೇ ಇರು ಎಂದು ಮೇಸ್ತ್ರಿ ಹೇಳುತ್ತಾನೆ. ವರ್ಗ ಎಂಬ ಶಾಸ್ತ್ರದ ಪದ ಒಮ್ಮೆಯೂ ಬಾರದೆ ವರ್ಗದ ಗೋಡೆ ಪೂರ್ತಿ ಕಣ್ಣಿಗೆ ಕಟ್ಟುವ ಇಂಥ ಹಾಡು ಆ ಕಾಲದ ಯಾವ ಭಾಷೆಯ ರಾಕ್‌ನಲ್ಲೂ ಅಪರೂಪ. ರಂಗಭೂಮಿಯ ಮನೆಯಲ್ಲಿ ಬೆಳೆದದ್ದು ಇಲ್ಲಿ ಫಲ ಕೊಟ್ಟಿತು. ಹಾಡುವುದಕ್ಕಿಂತ ಹೆಚ್ಚಾಗಿ ಅವನು ಪಾತ್ರ ಕಟ್ಟುತ್ತಿದ್ದ.

ಆಗ ರೇಡಿಯೊ, ಟಿವಿ ಎರಡೂ ಟಿಆರ್‌ಟಿ ಎಂಬ ಸರ್ಕಾರಿ ಸಂಸ್ಥೆಯ ಕೈಯಲ್ಲಿದ್ದವು. ಅದರ ತಪಾಸಣಾ ಮಂಡಳಿ ಒಪ್ಪದ ಹಾಡು ಗಾಳಿಗೆ ಏರುತ್ತಿರಲಿಲ್ಲ. ಹಾಗಾಗಿ ಕರಾಜನಂಥವರು ಬದುಕಿದ್ದು 45 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳ ಮೇಲೆ, ಕ್ಯಾಸೆಟ್ಟಿನ ಮೇಲೆ, ಅನಾತೋಲಿಯದ ಊರೂರು ಸುತ್ತುವ ಪ್ರವಾಸಗಳ ಮೇಲೆ. 1977ರಲ್ಲಿ ಅವನು ‘1 ಮಾಯಿಸ್’ ತಟ್ಟೆ ಹೊರತಂದ. ರಾಗ ಸಂಯೋಜನೆ ಸಾರ್ಪೆರ್ ಓಜ್ಸಾನ್ ಅವರದು, ಅದು ಮೊದಲು ಬಳಕೆಯಾದದ್ದು ಬ್ರೆಕ್ಟ್‌ನ ನಾಟಕವೊಂದರ ಅಂಕಾರಾ ಪ್ರಯೋಗಕ್ಕೆ. ಅದೇ ವರ್ಷದ ಮೇ 1ರಂದು ಇಸ್ತಾಂಬುಲ್‌ನ ತಕ್ಸಿಮ್ ಚೌಕದ ಕಾರ್ಮಿಕ ಸಭೆಯ ಮೇಲೆ ಗುಂಡು ಹಾರಿ, ನೂಕುನುಗ್ಗಲಾಗಿ ಕನಿಷ್ಠ 34 ಜನ ಸತ್ತರು. ಹಾಡು ಮೊಕದ್ದಮೆಗೆ ಸಿಕ್ಕಿತು. 1978ರ ಡಿಸೆಂಬರ್‌ನಲ್ಲಿ ಮರಾಶ್ ಊರಿನಲ್ಲಿ ಅಲೆವಿ ಪಂಗಡದವರ ಮೇಲೆ ನಡೆದ ಹತ್ಯಾಕಾಂಡದ ಬೆನ್ನಿಗೆ 13 ಪ್ರಾಂತ್ಯಗಳಲ್ಲಿ ಸೇನಾ ಆಡಳಿತ ಜಾರಿಯಾಯಿತು. 1979ರಲ್ಲಿ ಕರಾಜ ಪಶ್ಚಿಮ ಜರ್ಮನಿಗೆ ಹೋದ.

ಇಲ್ಲಿಯವರೆಗಿನದು ಸಿನಿಮಾಕ್ಕೆ ಹೇಳಿ ಮಾಡಿಸಿದ ಸರಕು. ಮುಂದಿನದು ಹಾಗಲ್ಲ.

1980ರ ಸೆಪ್ಟೆಂಬರ್ 12ರಂದು ಜನರಲ್ ಕೆನಾನ್ ಎವ್ರೆನ್ ನೇತೃತ್ವದ ಸೇನೆ ಅಧಿಕಾರ ಹಿಡಿಯಿತು. ಆ ದಂಗೆಯ ನಂತರ ಬಂಧನಕ್ಕೊಳಗಾದವರ ಸಂಖ್ಯೆ 6.5 ಲಕ್ಷ ಎಂದೂ, ಪೌರತ್ವ ಕಳೆದುಕೊಂಡವರು ಸುಮಾರು 14,000 ಎಂದೂ ಟರ್ಕಿಯಲ್ಲಿ ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ. ಪೌರತ್ವ ಕೀಳುವುದಕ್ಕೆ ಒಂದು ಯಂತ್ರ ಬೇಕಾಗಿತ್ತು. 1964ರ ಪೌರತ್ವ ಕಾನೂನು (ಸಂಖ್ಯೆ 403) ಆಗಲೇ ಇತ್ತು. 1981ರಲ್ಲಿ ಸೇನಾ ಆಡಳಿತ ಅದರ 25ನೇ ಕಲಮಿಗೆ ಹೊಸ ಉಪಕಲಮು ಸೇರಿಸಿತು. ವಿದೇಶದಲ್ಲಿದ್ದುಕೊಂಡು ದೇಶದ ಆಂತರಿಕ ಅಥವಾ ಬಾಹ್ಯ ಭದ್ರತೆಗೆ ವಿರುದ್ಧವಾಗಿ ನಡೆದುಕೊಂಡವರನ್ನು ಮರಳಿ ಬರುವಂತೆ ಕರೆಯುವುದು. ಸಾಮಾನ್ಯ ಕಾಲವಾದರೆ ಮೂರು ತಿಂಗಳು, ಸೇನಾ ಆಡಳಿತದಂಥ ಕಾಲವಾದರೆ ಒಂದು ತಿಂಗಳು ಗಡುವು. ಬಾರದಿದ್ದರೆ ಮಂತ್ರಿಮಂಡಲದ ನಿರ್ಣಯದಿಂದ ಪೌರತ್ವ ರದ್ದು. ಇದರಲ್ಲಿ ನ್ಯಾಯಾಲಯದ ತೀರ್ಪಿಗೆ ಜಾಗವಿಲ್ಲ. ತಪ್ಪು ಸಾಬೀತಾಗಬೇಕಿಲ್ಲ, ಗಡುವು ಮೀರಿದರೆ ಸಾಕು. ಬಂದರೆ ವಿಮಾನ ನಿಲ್ದಾಣದಿಂದ ಸೀದಾ ಸೇನಾ ಕೋರ್ಟು, ಬಾರದಿದ್ದರೆ ದೇಶವೇ ಇಲ್ಲ. ಅತ್ತ ದರಿ, ಇತ್ತ ಪುಲಿ.

ಕರಾಜನ ಪೌರತ್ವ ಹೋದದ್ದು 1983ರ ಜನವರಿ 6ರಂದು. ಅದೇ ದಿನ ಹೆಸರು ಹೊಡೆದುಹಾಕಿಸಿಕೊಂಡ ಇನ್ನೊಬ್ಬ ಯಿಲ್ಮಾಜ್ ಗ್ಯುನೆ. ಅದಕ್ಕೆ ಹಿಂದಿನ ವರ್ಷವಷ್ಟೇ ‘ಯೋಲ್’ ಚಿತ್ರಕ್ಕಾಗಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಹಂಚಿಕೊಂಡಿದ್ದ ನಿರ್ದೇಶಕ. ಗ್ಯುನೆ 1984ರಲ್ಲಿ ಪ್ಯಾರಿಸ್‌ನಲ್ಲೇ ತೀರಿಕೊಂಡ. ಕರಾಜನ ತಂದೆ 1980ರಲ್ಲಿ ಸತ್ತಾಗ ಮಗ ಮಣ್ಣಿಗೆ ಬರಲಾಗಲಿಲ್ಲ. ಯೂಕ್ಸೆಲ್ ಅಕ್ಸು ನಿರ್ದೇಶಿಸಿ ಇಸ್ಮಾಯಿಲ್ ಹಜಿಓಲು ಕರಾಜನಾಗಿ ನಟಿಸಿರುವ ಸಿನಿಮಾ ತನ್ನ ಭಾವದ ಭಾರವನ್ನೆಲ್ಲ ಹೊರಿಸುವುದು ಈ ಅಪ್ಪ-ಮಗನ ಎಳೆಯ ಮೇಲೆ, ತಾಯಿಯ ಮೇಲೆ, ಊರಿನ ಹಂಬಲದ ಮೇಲೆ. ಅಕ್ಸು ಮೊದಲಿನಿಂದ ಏಜಿಯನ್ ಸೀಮೆಯ ಹಳ್ಳಿಗರ ಹಾಸ್ಯ-ಕರುಣೆಯ ಕತೆಗಳಲ್ಲಿ ಪಳಗಿದ ಕೈ; ಕುಟುಂಬದ ದೃಶ್ಯ ಅವರಿಗೆ ಸಲೀಸು. ಅಪ್ಪನ ಸಾವಿಗೆ ಬಾರದ ಮಗನನ್ನು ನೋಡಿ ಯಾವ ಪಕ್ಷದವರಿಗಾದರೂ ಗಂಟಲು ಕಟ್ಟುತ್ತದೆ. ತೊಂದರೆಯಿರುವುದೂ ಅಲ್ಲೇ. ಮಗನನ್ನು ತಡೆದದ್ದು ವಿಧಿಯಂತೆ ಕಾಣತೊಡಗುತ್ತದೆ.

ಜರ್ಮನಿಯ ವರ್ಷಗಳೂ ಬರೀ ಹಂಬಲದ ವರ್ಷಗಳಾಗಿರಲಿಲ್ಲ. ಕರಾಜನ ಬದುಕಿನಲ್ಲಿ ಅತ್ಯಂತ ಕಡಿಮೆ ಚರ್ಚೆಯಾದ, ನನ್ನ ಎಣಿಕೆಯಲ್ಲಿ ಅತ್ಯಂತ ಕುತೂಹಲದ ಭಾಗ ಇದು. 1961ರ ಅಕ್ಟೋಬರ್ 30ರ ಒಪ್ಪಂದದ ಮೇಲೆ ಜರ್ಮನಿ ಟರ್ಕಿಯಿಂದ ಕಾರ್ಮಿಕರನ್ನು ಕರೆಸಿಕೊಂಡಿತ್ತು. 1973ರಲ್ಲಿ ನೇಮಕಾತಿ ನಿಲ್ಲಿಸಿತು. 1983ರಲ್ಲಿ ಹೆಲ್ಮುಟ್ ಕೋಲ್ ಸರ್ಕಾರ ಮರಳಿ ಹೋಗುವವರಿಗೆ 10,500 ಮಾರ್ಕ್, ಮಗುವೊಂದಕ್ಕೆ ಇನ್ನೂ 1,500 ಮಾರ್ಕ್ ಕೊಡುವ ಕಾನೂನು ತಂದಿತು. ಅಂದರೆ ಟರ್ಕಿ ಕರಾಜನನ್ನು ಒಳಗೆ ಬಿಡುತ್ತಿಲ್ಲ, ಜರ್ಮನಿ ಅವನ ಜನರನ್ನು ಹಣ ಕೊಟ್ಟು ಹೊರಗೆ ಕಳಿಸುತ್ತಿದೆ. ಆ ನಡುವೆ, 1984ರಲ್ಲಿ, ಅವನು ಜರ್ಮನ್ ಭಾಷೆಯಲ್ಲೇ ಒಂದು ಆಲ್ಬಮ್ ಮಾಡಿದ. ವಲಸಿಗರನ್ನು ಹೀಯಾಳಿಸಲು ಜರ್ಮನ್ನರು ಬಳಸುತ್ತಿದ್ದ ‘ಕನಾಕೆನ್’ ಎಂಬ ಬೈಗುಳವನ್ನೇ ತಂಡದ ಹೆಸರಾಗಿಟ್ಟ. ಕೂಲಿಗಳನ್ನು ಕರೆದೆವು, ಬಂದವರು ಮನುಷ್ಯರು ಎಂಬರ್ಥದ ಸ್ವಿಸ್ ಲೇಖಕ ಮ್ಯಾಕ್ಸ್ ಫ್ರಿಶ್‌ನ ಪ್ರಸಿದ್ಧ ಮಾತು ಅದರಲ್ಲಿ ಹಾಡಾಯಿತು. ಜರ್ಮನಿಯಲ್ಲಿ ಹುಟ್ಟಿದ ತುರ್ಕಿ ಹುಡುಗರು ಅದೇ ಬೈಗುಳವನ್ನು ಹೆಮ್ಮೆಯಿಂದ ಹೊತ್ತು ರ‍್ಯಾಪ್ ಹಾಡಿದ್ದು ಇನ್ನೂ ಹತ್ತು ವರ್ಷದ ನಂತರ.

ಟರ್ಕಿಯ ಪ್ರೇಕ್ಷಕರಿಗಾಗಿ ತೆಗೆಯುವ ಸಿನಿಮಾಕ್ಕೆ ಈ ಭಾಗ ಕಷ್ಟ. ಭಾಷೆ ಜರ್ಮನ್, ಹಾಡುಗಳು ಊರಿನವರಿಗೆ ಗೊತ್ತಿಲ್ಲ, ಕೋಪ ಆಗಿನ ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ನತ್ತ ತಿರುಗಿದೆ. ದೇಶಭ್ರಷ್ಟ ಎಂದರೆ ಕಿಟಕಿಯಾಚೆ ಮಳೆ ನೋಡುತ್ತ ತವರು ನೆನೆಯುವವನು ಎಂಬ ಚಿತ್ರ ಮಾತ್ರ ಎಲ್ಲೆಡೆ ಓಡುತ್ತದೆ. ಹೊಸ ನೆಲದಲ್ಲಿ ಹೊಸ ಜಗಳ ಹೂಡುವ ದೇಶಭ್ರಷ್ಟನಿಗೆ ಮಾರುಕಟ್ಟೆ ಇಲ್ಲ.

ಮರಳಿದ್ದು ಇನ್ನೂ ಸಿಕ್ಕಿನ ಕತೆ. 1983ರ ಕೊನೆಗೆ ಪ್ರಧಾನಿಯಾದ ತುರ್ಗುತ್ ಓಜಾಲ್ ಅವರನ್ನು ಕರಾಜ 1985ರಲ್ಲಿ ಮ್ಯೂನಿಕ್‌ನಲ್ಲಿ ಭೇಟಿಯಾದ. ಓಜಾಲ್ ಚುನಾಯಿತ ಪ್ರಧಾನಿ, ಆದರೆ ಸೇನೆ ಬರೆಸಿದ 1982ರ ಸಂವಿಧಾನದ ಕೆಳಗೆ. ರಾಷ್ಟ್ರಪತಿ ಸ್ಥಾನದಲ್ಲಿ ಎವ್ರೆನ್ ಇನ್ನೂ ಕೂತಿದ್ದರು. ಆ ಭೇಟಿಗೂ 1987ರ ಜೂನ್ 29ರಂದು ಕರಾಜ ಇಸ್ತಾಂಬುಲ್‌ನಲ್ಲಿ ಇಳಿದದ್ದಕ್ಕೂ ನಡುವೆ ಎರಡು ವರ್ಷ. ಕಾನೂನು ತಪ್ಪೆಂದು ಯಾರೂ ಒಪ್ಪಿರಲಿಲ್ಲ. ಒಬ್ಬ ವ್ಯಕ್ತಿಗೆ ಬಾಗಿಲು ತೆರೆದಿತ್ತು, ಅಷ್ಟೆ. ಪೌರತ್ವ ಕಿತ್ತುಕೊಳ್ಳುವ ಆ ಉಪಕಲಮು ಪುಸ್ತಕದಿಂದ ಹೋದದ್ದು 1992ರಲ್ಲಿ. ಹಾಗಾಗಿ ಎಡಪಂಥೀಯ ಗೆಳೆಯರಲ್ಲಿ ಅನೇಕರಿಗೆ ಅವನು ದಂಗೆಯ ವಾರಸುದಾರರ ಕೃಪೆಯಿಂದ ಬಂದವನಾಗಿ ಕಂಡ, ಪಕ್ಷ ಬದಲಿಸಿದವನೆಂಬ ಹಣೆಪಟ್ಟಿ ಬಿತ್ತು. ಎಂಟು ವರ್ಷ ಹೊರಗಿದ್ದವನ ಮೇಲೆ ಒಳಗಿದ್ದವರು ಹೀಗೆ ತೀರ್ಪು ಕೊಡುವುದು ನ್ಯಾಯವೇ ಎಂಬುದು ಬೇರೆ ಮಾತು. ಆದರೆ ಅವರ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ: ಜೈಲಿನಲ್ಲಿ ಕೊಳೆತವರಿಗೆ, ಹೆಸರಿಲ್ಲದ ಸಾವಿರಾರು ಪೌರತ್ವಹೀನರಿಗೆ ಮ್ಯೂನಿಕ್‌ನ ಭೇಟಿ ಇರಲಿಲ್ಲ. ಗಾಯಕಿ ಸೆಲ್ದಾ ಬಾಜಾನ್ ಊರಿನಲ್ಲೇ ಉಳಿದು 1981ರಿಂದ 1984ರ ನಡುವೆ ಮೂರು ಬಾರಿ ಜೈಲು ಕಂಡರು. ಪಾಸ್‌ಪೋರ್ಟ್ ಕೈಗೆ ಸಿಕ್ಕಿದ್ದು 1987ರಲ್ಲಿ. ರುಹಿ ಸು ಎಂಬ ಹಿರಿಯ ಗಾಯಕ ಕ್ಯಾನ್ಸರ್ ಚಿಕಿತ್ಸೆಗೆ ವಿದೇಶಕ್ಕೆ ಹೋಗಲು ಕೇಳಿದ ಪಾಸ್‌ಪೋರ್ಟ್ ಸಕಾಲಕ್ಕೆ ಸಿಗದೆ 1985ರ ಸೆಪ್ಟೆಂಬರ್‌ನಲ್ಲಿ ಸತ್ತರು.

ಬಂದ ಮೇಲೂ ಕರಾಜ 17 ವರ್ಷ ಬದುಕಿದ. 1990ರ ದಶಕದಲ್ಲಿ ಸಂಗೀತಗಾರರಾದ ಜಾಹಿತ್ ಬೆರ್ಕಾಯ್, ಉಗೂರ್ ದಿಕ್ಮೆನ್ ಜೊತೆ ಒಳ್ಳೆಯ ಕೆಲಸ ಮಾಡಿದ, 2004ರ ಫೆಬ್ರುವರಿ 8ರಂದು ತೀರಿಕೊಂಡ. ಜೀವನಚಿತ್ರದವರಿಗೆ ವಿಮಾನ ನಿಲ್ದಾಣ ಹಿತವಾದ ಮುಕ್ತಾಯ. ಅದರಾಚೆ ಇಳಿವಯಸ್ಸಿನ, ಹಳೆಯ ಗೆಳೆಯರು ಮಾತು ಬಿಟ್ಟ, ಧರ್ಮದತ್ತ ವಾಲಿದ ಮನುಷ್ಯನನ್ನು ಕಟ್ಟಲು ಬೇರೆಯೇ ಧೈರ್ಯ ಬೇಕು.

ಇಂಥ ಚಿತ್ರಗಳು ಮೆತ್ತಗಾಗುವುದಕ್ಕೆ ನಿರ್ದೇಶಕರ ಮನಸ್ಸಿಗಿಂತ ಕಾಗದ ಮತ್ತು ದುಡ್ಡು ಹೆಚ್ಚು ಕಾರಣ. ಮೊದಲು ದುಡ್ಡು: ಗಾಯಕ ಮ್ಯುಸ್ಲ್ಯುಮ್ ಗ್ಯುರ್ಸೆಸ್ ಮೇಲಿನ 2018ರ ಚಿತ್ರಕ್ಕೆ 60 ಲಕ್ಷಕ್ಕೂ ಹೆಚ್ಚು ಟಿಕೆಟ್ ಹೋದವು, ಗಾಯಕಿ ಬೆರ್ಗೆನ್ ಮೇಲಿನ 2022ರ ಚಿತ್ರಕ್ಕೆ 50 ಲಕ್ಷಕ್ಕೂ ಹೆಚ್ಚು. ಅಲ್ಲಿಂದ ಮಾದರಿ ಸಿದ್ಧವಾಯಿತು: ಗಾಯಗೊಂಡ ಬಾಲ್ಯ, ಕಠಿಣ ತಂದೆ, ವೇದಿಕೆ, ಪತನ, ಕಣ್ಣೀರು. ರಾಜಕೀಯ ಗಾಯಕನನ್ನೂ ಅದೇ ಅಚ್ಚಿಗೆ ಸುರಿಯುವ ಒತ್ತಡ ಬರುತ್ತದೆ.

ಇನ್ನು ಕಾಗದ. ಒಂದೊಂದು ಹಾಡಿಗೂ ಹಲವು ಬಾಗಿಲು ತಟ್ಟಬೇಕು. ಪದ್ಯ ಬರೆದವರ ವಾರಸುದಾರರು, ರಾಗ ಹಾಕಿದವರ ವಾರಸುದಾರರು, ಮೂಲ ಧ್ವನಿಮುದ್ರಣದ ಒಡೆತನವಿರುವ ಕಂಪನಿ, ನುಡಿಸಿದವರ ಹಕ್ಕು. ಟರ್ಕಿಯ 5846ನೇ ಸಂಖ್ಯೆಯ ಕಾನೂನಿನಡಿ ಕೃತಿಸ್ವಾಮ್ಯ ಕರ್ತೃ ಸತ್ತ 70 ವರ್ಷದವರೆಗೆ ಇರುತ್ತದೆ. ಕರಾಜ ಐದಾರು ತಂಡಗಳಲ್ಲಿ, ಹಲವು ಕಂಪನಿಗಳಿಗೆ ಹಾಡಿದವನು. ಒಂದು ಬಾಗಿಲು ತೆರೆಯದಿದ್ದರೆ ಆ ಹಾಡು ಚಿತ್ರದಲ್ಲಿಲ್ಲ, ಹಾಡಿಲ್ಲದಿದ್ದರೆ ಆ ಪ್ರಸಂಗವೇ ಇಲ್ಲ. 70ರ ದಶಕದ ತಟ್ಟೆಗಳಲ್ಲಿ ದನಿ, ಗಿಟಾರ್, ಡ್ರಮ್ ಎಲ್ಲ ಒಂದೇ ಪಟ್ಟಿಯಲ್ಲಿ ಬೆರೆತಿರುವುದರಿಂದ ಮೂಲ ದನಿಯನ್ನು ಮಾತ್ರ ಎತ್ತಿ ದೊಡ್ಡ ಥಿಯೇಟರಿನಲ್ಲಿ ಕೇಳಿಸುವುದೂ ಸುಲಭವಲ್ಲ. ಅದಕ್ಕೇ ಮ್ಯುಸ್ಲ್ಯುಮ್, ಬೆರ್ಗೆನ್ ಎರಡೂ ಚಿತ್ರಗಳಲ್ಲಿ ನಟರೇ ಹಾಡಿದರು. ಪ್ರೇಮಗೀತೆಯನ್ನು ಹೀಗೆ ಬೇರೆಯವರು ಹಾಡಿದರೆ ನಡೆದೀತು. ಚಳವಳಿಯ ಹಾಡಿನಲ್ಲಿ ಕೇಳುಗರಿಗೆ ಆ ದನಿಯೇ ಸಾಕ್ಷಿ, ಬದಲಿ ದನಿ ಬಂದ ಕೂಡಲೇ ಅದು ಆರ್ಕೆಸ್ಟ್ರಾ ಆಗಿಬಿಡುತ್ತದೆ.

ಕೊನೆಗೆ ಸಚಿವಾಲಯ. 2004ರ 5224ನೇ ಸಂಖ್ಯೆಯ ಸಿನಿಮಾ ಕಾನೂನಿನ ಪ್ರಕಾರ ತಪಾಸಣೆ, ವರ್ಗೀಕರಣ ಆಗಬೇಕು. ಸರಿಯಿಲ್ಲವೆಂದು ಕಂಡ ಚಿತ್ರ ವಾಣಿಜ್ಯ ಬಿಡುಗಡೆ ಕಾಣುವುದಿಲ್ಲ. ಸರ್ಕಾರಿ ಸಹಾಯಧನ ಪಡೆದಿದ್ದರೆ ಅದು ತಲೆಯ ಮೇಲಿನ ಕತ್ತಿ. 2022ರಲ್ಲಿ ಎಮಿನ್ ಅಲ್ಪೆರ್ ಅವರ ‘ಕುರಾಕ್ ಗ್ಯುನ್ಲೆರ್’ ಚಿತ್ರಕ್ಕೆ ಕೊಟ್ಟ ಹಣವನ್ನು ಸಚಿವಾಲಯ ಬಡ್ಡಿ ಸಹಿತ ವಾಪಸ್ ಕೇಳಿತು. ಯಾರೂ ನಿಷೇಧ ಎಂಬ ಮಾತೆತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ.

ಕರಾಜನ ಕತೆ ಹೀಗಾದರೂ ತೆರೆಗೆ ಬಂತು. ಇನ್ನೊಬ್ಬ ಗಾಯಕ ಅಹ್ಮೆತ್ ಕಾಯಾ ಕತೆ ನೋಡಿದರೆ ಗೆರೆ ಎಲ್ಲಿದೆ ಎಂಬುದು ತಿಳಿಯುತ್ತದೆ. 1957ರಲ್ಲಿ ಮಲಾತ್ಯದಲ್ಲಿ ಹುಟ್ಟಿದ ಕಾಯಾ 80-90ರ ದಶಕಗಳಲ್ಲಿ ಕ್ಯಾಸೆಟ್ ಮಾರಾಟದ ದೊರೆ. 1999ರ ಫೆಬ್ರುವರಿ 10ರಂದು ಮನರಂಜನಾ ಪತ್ರಕರ್ತರ ಸಂಘದ ಪ್ರಶಸ್ತಿ ಸ್ವೀಕರಿಸುತ್ತ, ಮುಂದಿನ ಆಲ್ಬಮ್ಮಿನಲ್ಲಿ ಒಂದು ಕುರ್ದಿಷ್ ಹಾಡು ಹಾಡುತ್ತೇನೆ, ಅದರ ವಿಡಿಯೊ ಪ್ರಸಾರ ಮಾಡುವವರು ಸಿಗಬೇಕು ಎಂದ. ಸಭೆಯಲ್ಲಿದ್ದ ಕಲಾವಿದರೇ ಫೋರ್ಕು, ಚಾಕು ಎಸೆದರು. ಐದು ದಿನಕ್ಕೆ ಸಶಸ್ತ್ರ ಕುರ್ದಿಷ್ ಸಂಘಟನೆಯ ನಾಯಕ ಒಜಲಾನ್ ಕೀನ್ಯಾದಲ್ಲಿ ಸೆರೆಸಿಕ್ಕ. ಪತ್ರಿಕೆಗಳು ಎರಡನ್ನೂ ಬೆಸೆದವು. ಜೂನ್‌ನಲ್ಲಿ ಕಾಯಾ ಪ್ಯಾರಿಸ್‌ಗೆ ಹೋದ. 2000ದ ಮಾರ್ಚ್‌ನಲ್ಲಿ ಅವನ ಗೈರುಹಾಜರಿಯಲ್ಲೇ 3 ವರ್ಷ 9 ತಿಂಗಳ ಶಿಕ್ಷೆಯಾಯಿತು. ನವೆಂಬರ್ 16ರಂದು, 43ನೇ ವಯಸ್ಸಿಗೆ, ಹೃದಯಾಘಾತದಿಂದ ಸತ್ತ. ಗೋರಿ ಪೆರ್ ಲಾಶೆಜ್ ಸ್ಮಶಾನದಲ್ಲಿದೆ, ಗ್ಯುನೆಯೂ ಅಲ್ಲೇ ಇದ್ದಾನೆ. 2013ರಲ್ಲಿ ರಾಷ್ಟ್ರಪತಿ ಅಬ್ದುಲ್ಲಾ ಗ್ಯುಲ್ ಅವರು ಕಾಯಾಗೆ ಮರಣೋತ್ತರವಾಗಿ ದೇಶದ ಅತ್ಯುನ್ನತ ಕಲಾ ಪ್ರಶಸ್ತಿ ಕೊಟ್ಟರು.

ಕಾಯಾ ಮೇಲೆ 2020ರಲ್ಲಿ ಬಂದ ಚಿತ್ರವನ್ನು ಕುಟುಂಬವೇ ಬಹಿರಂಗವಾಗಿ ವಿರೋಧಿಸಿತು. ಅವನ ಬದುಕಿಗೆ ಸುಖದ ಮುಕ್ತಾಯ ಹೊಂದಿಸಲು ಬರುವುದಿಲ್ಲ: ಮರಳಿ ಬಂದ ದಿನವಿಲ್ಲ, ಕೈಕುಲುಕಿದ ಪ್ರಧಾನಿಯಿಲ್ಲ. ಚಾಕು ಎಸೆದವರಲ್ಲಿ ಅನೇಕರು ಈಗಲೂ ಪರದೆಯ ಮೇಲಿನ ತಾರೆಯರು. ಕರಾಜನ ಶತ್ರು ಸೇನೆಯ ಜನರಲ್. ಇವತ್ತಿನ ಆಳುವ ಪಕ್ಷಕ್ಕೂ 1980ರ ದಂಗೆಯನ್ನು ಬೈಯಲು ಅಡ್ಡಿಯಿಲ್ಲ. ಕಾಯಾನ ಶತ್ರು ಊಟದ ಮೇಜಿನ ಸುತ್ತ ಕೂತ ಸಭ್ಯ ಸಮಾಜ, ಅದರ ಹಿಂದೆ ಇನ್ನೂ ಬಗೆಹರಿಯದ ಕುರ್ದಿಷ್ ಪ್ರಶ್ನೆ.

1981ರ ಆ ಉಪಕಲಮು ಕೂಡ ವಸ್ತುಸಂಗ್ರಹಾಲಯ ಸೇರಿಲ್ಲ. 2017ರ ಜನವರಿಯಲ್ಲಿ 680ನೇ ಸುಗ್ರೀವಾಜ್ಞೆ ಈಗಿನ ಪೌರತ್ವ ಕಾನೂನಿನ 29ನೇ ಕಲಮಿಗೆ ಹೆಚ್ಚುಕಡಿಮೆ ಅದನ್ನೇ ಸೇರಿಸಿತು: ದೇಶದ ವಿರುದ್ಧದ ಕೆಲವು ಅಪರಾಧಗಳ ಆರೋಪ ಹೊತ್ತು ವಿದೇಶದಲ್ಲಿರುವವರಿಗೆ ರಾಜ್ಯಪತ್ರದಲ್ಲಿ ಕರೆ, ಮೂರು ತಿಂಗಳ ಗಡುವು, ಬಾರದಿದ್ದರೆ ಪೌರತ್ವ ರದ್ದು. ಈಗಲೂ ಶಿಕ್ಷೆಯಾಗಿರಬೇಕಿಲ್ಲ, ತನಿಖೆ ನಡೆಯುತ್ತಿದ್ದರೆ ಸಾಕು. ಆ ವರ್ಷದ ಜೂನ್‌ನಲ್ಲಿ 130 ಹೆಸರುಗಳ ಪಟ್ಟಿ ಹೊರಬಂತು.

ಹಾಡುಗಾರರ ಮಟ್ಟಿಗೆ ಅಷ್ಟು ದೂರ ಹೋಗುವ ಅಗತ್ಯವೂ ಈಗ ಕಡಿಮೆಯಾಗಿದೆ. 2022ರ ಮೇ ತಿಂಗಳಲ್ಲಿ ದೆರಿಂಜೆಯ ನಗರಸಭೆ ಕುರ್ದಿಷ್ ಗಾಯಕಿ ಆಯ್ನೂರ್ ದೋಆನ್ ಅವರ ಕಾರ್ಯಕ್ರಮವನ್ನು ‘ಸೂಕ್ತವಲ್ಲ’ ಎಂದು ರದ್ದುಮಾಡಿತು. ಆ ಬೇಸಿಗೆಯಲ್ಲಿ ಬೇರೆ ಊರುಗಳಲ್ಲೂ ಹೀಗೇ ಆಯಿತು. ಟಿಕೆಟ್ ಮಾರಿ, ಮೈಕಿನವರಿಗೆ ಮುಂಗಡ ಕೊಟ್ಟಾದ ಮೇಲೆ ಇಂಥ ಆದೇಶ ಬಂದರೆ ನಷ್ಟ ಸಂಘಟಕರದು. ಕೋರ್ಟಿಗೆ ಹೋದರೂ ಆದೇಶದ ತಪ್ಪು-ಒಪ್ಪು ತೀರ್ಮಾನವಾಗುವ ಹೊತ್ತಿಗೆ ಕಾರ್ಯಕ್ರಮದ ದಿನಾಂಕ ದಾಟಿರುತ್ತದೆ. ಮುಂದಿನ ವರ್ಷ ಆ ಗಾಯಕಿಯನ್ನು ಕರೆಯಲು ಸಂಘಟಕರೇ ಹಿಂಜರಿಯುತ್ತಾರೆ. ಇದನ್ನು ಜೀವನಚಿತ್ರ ಮಾಡಹೊರಟವರಿಗೆ ರಾಜ್ಯಪತ್ರದ ಪುಟವಾಗಲಿ, ವಿಮಾನ ಇಳಿದ ದಿನವಾಗಲಿ ಸಿಗುವುದಿಲ್ಲ. ಸಿಗುವುದು ನಗರಸಭೆಯ ಒಂದು ಸಾಲಿನ ಪ್ರಕಟಣೆ ಮಾತ್ರ.